ರಂಗದ ಮೇಲಿನ ಫೋನು ಮೇಜಿನಿಂದಲೇ ರಿಂಗಾಗಲಿ

ನಾಟಕದ ಫೋನಿನ ಸದ್ದು ಸಭಾಂಗಣದ ದೊಡ್ಡ ಸ್ಪೀಕರಿನಿಂದ ಬಂದರೆ ಪ್ರೇಕ್ಷಕರಿಗೆ ಕೂಡಲೇ ಗೊತ್ತಾಗುತ್ತದೆ.

ಹಳೆಯ ಡಯಲ್ ಫೋನಿನ ಗಂಟೆಗೆ ಸುಮಾರು 75 ವೋಲ್ಟ್, 25 ಹರ್ಟ್ಸ್ (ಸೆಕೆಂಡಿಗೆ 25 ಬಾರಿ ಏರಿಳಿಯುವ) ಎಸಿ ಕರೆಂಟು ಬೇಕು. ಮನೆಯ ಕರೆಂಟು 50 ಹರ್ಟ್ಸ್; ವೋಲ್ಟೇಜ್ ಇಳಿಸಿ ಕೊಟ್ಟರೂ ಸುತ್ತಿಗೆ ಆ ವೇಗಕ್ಕೆ ಪೂರ್ತಿ ಆಡದೆ ಗಂಟೆ ಬರೀ ಗುರ್ರೆನ್ನುತ್ತದೆ. ಶಾಕ್ ಭಯ ಬೇರೆ. ಹವ್ಯಾಸಿ ತಂಡಕ್ಕೆ ಅದು ಬೇಡವೇ ಬೇಡ.

6 ವೋಲ್ಟಿನ ಎಲೆಕ್ಟ್ರಿಕ್ ಬೆಲ್ಲನ್ನು ಮೇಜಿನ ಹಲಗೆಯ ಅಡಿಗೆ ಸ್ಕ್ರೂ ಹಾಕಿ ಕೂರಿಸಿ. ಹಲಗೆಯೇ ಸದ್ದನ್ನು ಹಿಗ್ಗಿಸುತ್ತದೆ. ನಾಲ್ಕು ದೊಡ್ಡ ಸೆಲ್ಲು, ಎರಡೆಳೆಯ ವೈರು, ಸೈಡ್‌ವಿಂಗಿನಲ್ಲಿ (ರಂಗದ ಪಕ್ಕದ ಮರೆಯಲ್ಲಿ) ಒತ್ತುವ ಸ್ವಿಚ್ಚು ಸಾಕು. ರಿಸೀವರ್ ಇಡುವ ತೊಟ್ಟಿಲಿನ ಕೆಳಗೆ ಚಿಕ್ಕ ಮೈಕ್ರೋಸ್ವಿಚ್ (ರಿಸೀವರಿನ ಭಾರಕ್ಕೆ ಒತ್ತಿಕೊಂಡಿರುವ ಸ್ವಿಚ್ಚು) ಸೇರಿಸಿ, ವೈರನ್ನು ಅದರ ಮೂಲಕ ಹಾಯಿಸಿ. ರಿಸೀವರ್ ಎತ್ತಿದ ಕ್ಷಣವೇ ಗಂಟೆ ನಿಲ್ಲುತ್ತದೆ. ನಟ "ಹಲೋ" ಅಂದ ಮೇಲೂ ಬಾರಿಸುವ ಗಂಟೆಯಷ್ಟು ದೃಶ್ಯ ಕೆಡಿಸುವುದು ಬೇರಿಲ್ಲ.

ನಮ್ಮ ದೇಶದ ಲಯ ಜೋಡಿ ಗಂಟೆಯದು: 0.4 ಸೆಕೆಂಡು ಸದ್ದು, 0.2 ಬಿಡುವು, ಮತ್ತೆ 0.4 ಸದ್ದು, ಆಮೇಲೆ 2 ಸೆಕೆಂಡು ಮೌನ. ಸ್ವಿಚ್ಚು ಒತ್ತುವವರಿಗೆ ಇದು ಕೈಗೆ ಕೂರುವಷ್ಟು ಅಭ್ಯಾಸವಾಗಬೇಕು.

ಬ್ಲೂಟೂತ್ ಸ್ಪೀಕರನ್ನು ಫೋನಿನೊಳಗೆ ಅಡಗಿಸಬಹುದು, ಆದರೆ ಹಲವು ಸ್ಪೀಕರುಗಳು ಕೆಲ ನಿಮಿಷ ಸದ್ದಿಲ್ಲದಿದ್ದರೆ ತಾವೇ ಆಫ್ ಆಗುತ್ತವೆ.