ಕ್ರಿಮಿನಲ್ ಜಸ್ಟಿಸ್ ಓದೋರು ಸ್ಕಾಲರ್‌ಶಿಪ್ ಎಲ್ಲಿ ಹುಡುಕ್ಬೇಕು

ಮೂರು ವಾರದಿಂದ ನನ್ನ ಕಸಿನ್ ಮಗಳ ಜೊತೆ ಕೂತು ಸ್ಕಾಲರ್‌ಶಿಪ್ ಹುಡುಕ್ತಾ ಇದೀನಿ. ಅವಳು ಅಮೆರಿಕದಲ್ಲೇ ಹುಟ್ಟಿ ಬೆಳೆದೋಳು, ಕ್ರಿಮಿನಲ್ ಜಸ್ಟಿಸ್ ಡಿಗ್ರಿ (ಪೊಲೀಸ್, ಕೋರ್ಟ್, ಜೈಲು ಇವುಗಳ ಬಗ್ಗೆ ಓದೋದು) ಎರಡನೇ ವರ್ಷ, ಮುಂದೆ ಜುವೆನೈಲ್ ಪ್ರೊಬೇಷನ್ ಆಫೀಸರ್, ಅಂದ್ರೆ ತಪ್ಪು ಮಾಡಿ ಕೋರ್ಟಿಗೆ ಬಂದ ಮಕ್ಕಳ ಮೇಲೆ ನಿಗಾ ಇಟ್ಟು ದಾರಿಗೆ ತರೋ ಆಫೀಸರ್ ಆಗ್ಬೇಕು ಅಂತ ಆಸೆ. ಆ ಕೆಲಸದಲ್ಲಿ ಸಂಬಳ ಅಷ್ಟಕ್ಕಷ್ಟೇ, ಹಾಗಾಗಿ ಸಾಲದ ಹೊರೆ ಹೊತ್ಕೊಂಡು ಓದು ಮುಗಿಸಿದ್ರೆ ಆ ಕೆಲಸಕ್ಕೆ ಹೋಗೋ ಧೈರ್ಯನೇ ಬರಲ್ಲ, ಅದಕ್ಕೇ ಇಷ್ಟು ಒದ್ದಾಟ.

ಮೊದಲ ದಿನ 'ಕ್ರಿಮಿನಲ್ ಜಸ್ಟಿಸ್ ಸ್ಕಾಲರ್‌ಶಿಪ್' ಅಂತ ಟೈಪ್ ಮಾಡಿ ಹುಡುಕಿದ್ವಿ, ಬಂದಿದ್ದೆಲ್ಲ ಒಂದನ್ನೊಂದು ಕಾಪಿ ಹೊಡೆದಿರೋ ಪಟ್ಟಿಗಳು, ಎಷ್ಟೋ ಲಿಂಕ್ ಓಪನ್ನೇ ಆಗಲ್ಲ, ಇನ್ನೆಷ್ಟೋ ಬರೀ ಫೋನ್ ನಂಬರ್ ಇಸ್ಕೊಳ್ಳೋಕೆ ಇರೋವು. ಎರಡನೇ ವಾರದಲ್ಲಿ ಹೊಳೀತು, ಡಿಗ್ರಿ ಹೆಸರಲ್ಲಿ ಹುಡುಕೋದೇ ತಪ್ಪು, ಮುಂದೆ ಮಾಡೋ ಕೆಲಸದ ಹೆಸರಲ್ಲಿ ಹುಡುಕ್ಬೇಕು. ದುಡ್ಡು ಕೊಡೋರು ಆಯಾ ವೃತ್ತಿಯವರು ತಾನೇ. ಉದಾಹರಣೆಗೆ ಫ್ರಾಡ್ ತನಿಖೆ ಕಡೆ ಆಸಕ್ತಿ ಇದ್ರೆ ಅಸೋಸಿಯೇಷನ್ ಆಫ್ ಸರ್ಟಿಫೈಡ್ ಫ್ರಾಡ್ ಎಕ್ಸಾಮಿನರ್ಸ್ ಕೊಡೋ ರಿಚೀ-ಜೆನ್ನಿಂಗ್ಸ್ ಸ್ಕಾಲರ್‌ಶಿಪ್ ಇದೆ, ಅಕೌಂಟಿಂಗ್ ಓದೋರ ಜೊತೆಗೆ ಕ್ರಿಮಿನಲ್ ಜಸ್ಟಿಸ್ ಓದೋರಿಗೂ ಅದು ಸಿಗತ್ತೆ, ಆದ್ರೆ ನಮ್ಮ ವಿಷಯದ ಎಷ್ಟೋ ಮಕ್ಕಳು ಅತ್ತ ತಿರುಗಿಯೂ ನೋಡಲ್ಲ. ರಿಸರ್ಚ್ ಕಡೆ ಹೋಗೋರಿಗೆ ಅಮೆರಿಕನ್ ಸೊಸೈಟಿ ಆಫ್ ಕ್ರಿಮಿನಾಲಜಿಯವರು ಜೀನ್ ಕಾರ್ಟ್ ಹೆಸರಲ್ಲಿ ವಿದ್ಯಾರ್ಥಿಗಳ ಪೇಪರ್ ಸ್ಪರ್ಧೆ ನಡೆಸ್ತಾರೆ, ಕ್ಲಾಸಿಗೆ ಅಂತ ಕಷ್ಟಪಟ್ಟು ಬರೆದ ಒಳ್ಳೇ ಪೇಪರನ್ನ ತಿದ್ದಿ ತೀಡಿ ಕಳಿಸೋಕೆ ಏನು ಅಡ್ಡಿ? ಆಲ್ಫಾ ಫೈ ಸಿಗ್ಮಾ ಅಂತ ಈ ವಿಷಯಕ್ಕೇ ಇರೋ ಆನರ್ ಸೊಸೈಟಿ (ಚೆನ್ನಾಗಿ ಓದೋ ವಿದ್ಯಾರ್ಥಿಗಳ ಸಂಘ) ಒಂದಿದೆ, 1942ರಿಂದ ನಡೀತಿರೋದು, ಅದರ ಮೆಂಬರ್‌ಗಳಿಗೂ ಬೇರೆ ಸ್ಕಾಲರ್‌ಶಿಪ್ ಇವೆ. ಇನ್ನು ಡ್ಯೂಟಿಯಲ್ಲಿ ತೀರ್ಕೊಂಡ ಅಥವಾ ಶಾಶ್ವತವಾಗಿ ಅಂಗವಿಕಲರಾದ ಪೊಲೀಸ್ ಆಫೀಸರ್‌ಗಳ ಗಂಡ ಹೆಂಡತಿ ಮಕ್ಕಳಿಗೆ ಫೆಡರಲ್ ಸರ್ಕಾರದ್ದೇ ಶಿಕ್ಷಣ ನೆರವು ಇದೆ, ಮಕ್ಕಳಿಗೆ ಸಾಮಾನ್ಯವಾಗಿ 27 ವಯಸ್ಸು ತುಂಬೋವರೆಗೂ ಸಿಗತ್ತೆ. ಅಂಥ ಮನೆಯವರು ಯಾರಾದ್ರೂ ಗೊತ್ತಿದ್ರೆ ದಯವಿಟ್ಟು ಹೇಳಿ, ದುಃಖದಲ್ಲಿರೋರಿಗೆ ಫಾರ್ಮ್ ಹುಡುಕೋ ತ್ರಾಣ ಎಲ್ಲಿರತ್ತೆ.

ಇದೆಲ್ಲಕ್ಕೂ ಮುಂಚೆ ಫಾಫ್ಸಾ, ಅಂದ್ರೆ ಫೆಡರಲ್ ಸರ್ಕಾರದ ಶಿಕ್ಷಣ ನೆರವಿಗೆ ಹಾಕೋ ಅರ್ಜಿ, ತುಂಬ್ಬೇಕು, ಅದಕ್ಕೆ ಒಂದು ಪೈಸೆ ಫೀಸ್ ಇಲ್ಲ. ಆದಾಯ ಕಮ್ಮಿ ಇರೋ ಮನೆಯವರಿಗೆ ಪೆಲ್ ಗ್ರಾಂಟ್ ಸಿಗೋದು ಅದರಿಂದಲೇ, 2024-25ರಲ್ಲಿ ಅದು ವರ್ಷಕ್ಕೆ ಹೆಚ್ಚಂದ್ರೆ 7,395 ಡಾಲರ್ ಇತ್ತು, ಮಾಮೂಲಿಯಾಗಿ ತಿರುಗಿ ಕಟ್ಬೇಕಾಗಿಲ್ಲ. ಇಲ್ಲೊಂದು ವಿಷಯ ನನ್ನ ಮನಸ್ಸಿಗೆ ತುಂಬಾ ನಾಟ್ತು. 1994ರ ಕ್ರೈಮ್ ಕಾನೂನಲ್ಲಿ ಜೈಲಲ್ಲಿರೋರಿಗೆ ಈ ಗ್ರಾಂಟ್ ಪೂರ್ತಿ ನಿಲ್ಲಿಸಿಬಿಟ್ಟಿದ್ರು, ಮತ್ತೆ ಬಾಗಿಲು ತೆರೆದಿದ್ದು 2023ರ ಜುಲೈನಲ್ಲಿ, ಅದೂ ಮಾನ್ಯತೆ ಇರೋ ಜೈಲು ಶಿಕ್ಷಣ ಕಾರ್ಯಕ್ರಮಗಳಿಗೆ ಮಾತ್ರ. ಫಾಫ್ಸಾದಲ್ಲಿ ಡ್ರಗ್ಸ್ ಕೇಸಿನ ಬಗ್ಗೆ ಕೇಳ್ತಿದ್ದ ಪ್ರಶ್ನೆಯನ್ನೂ ತೆಗೆದಿದಾರೆ. ಹಳೇ ಕೇಸ್ ಇದೆ, ನಂಗೆಲ್ಲಿ ಕೊಡ್ತಾರೆ ಅಂತ ಸುಮ್ಮನೆ ಕೂತಿರೋರು ಈಗ ಖಂಡಿತ ಅಪ್ಲೈ ಮಾಡ್ಬೇಕು. ಈ ಫೀಲ್ಡಿಗೆ ಅಂಥೋರ ಅನುಭವ ಬೇಕೇಬೇಕು ಅನ್ನೋದು ನನ್ನ ಗಟ್ಟಿ ನಂಬಿಕೆ.

ಷರತ್ತುಗಳ ಬಗ್ಗೆನೂ ಹೇಳ್ಬೇಕು. ಈ ಡಿಗ್ರಿ ಅಮೆರಿಕದಲ್ಲಿ ಇಷ್ಟು ಬೆಳೆಯೋಕೆ ಒಂದು ದೊಡ್ಡ ಕಾರಣನೇ ಷರತ್ತಿನ ದುಡ್ಡು, 1968ರ ಕಾನೂನಿನಿಂದ ಲೀಪ್ ಅನ್ನೋ ಯೋಜನೆ ಬಂತು, ಅದರಲ್ಲಿ ಸಾಲ ತಗೊಂಡು ಓದಿ ಪೊಲೀಸ್ ಅಥವಾ ಅಂಥ ಕೆಲಸಕ್ಕೆ ಸೇರಿದ್ರೆ ವರ್ಷಕ್ಕೆ ಶೇ. 25ರಂತೆ ಸಾಲ ಮನ್ನಾ. ಈಗ ಅದಿಲ್ಲ, ಆದ್ರೆ ಅದೇ ಲೆಕ್ಕಾಚಾರ ಬೇರೆ ಕಡೆ ಇದೆ, ಸೈಬರ್ ಸೆಕ್ಯುರಿಟಿ ಕಡೆ ಹೋಗೋರಿಗೆ ಸೈಬರ್‌ಕಾರ್ಪ್ಸ್ ಅಂತ ಸ್ಕಾಲರ್‌ಶಿಪ್ ಇದೆ, ಎಷ್ಟು ಕಾಲ ದುಡ್ಡು ತಗೊಂಡ್ರೋ ಅಷ್ಟು ಕಾಲ ಸರ್ಕಾರಿ ಕೆಲಸ ಮಾಡ್ಬೇಕು, ಮಾಡ್ಲಿಲ್ಲ ಅಂದ್ರೆ ಅದು ಸಾಲ ಆಗತ್ತೆ. ಹೊರಗಿನ ಸ್ಕಾಲರ್‌ಶಿಪ್ ಬಂದ್ರೆ ಕೆಲವು ಕಾಲೇಜಲ್ಲಿ ತಾವು ಕೊಡೋ ನೆರವನ್ನ ಅಷ್ಟೇ ಕಡಿಮೆ ಮಾಡ್ತಾರೆ, ಇದನ್ನ ಮೊದಲೇ ಫೈನಾನ್ಷಿಯಲ್ ಏಡ್ ಆಫೀಸಲ್ಲಿ ಕೇಳ್ಕೊಳ್ಳಿ. ಹಾಸ್ಟೆಲ್, ಊಟಕ್ಕೆ ಖರ್ಚು ಮಾಡಿದ ಭಾಗಕ್ಕೆ ಟ್ಯಾಕ್ಸ್ ಬೀಳ್ಬಹುದು ಅನ್ನೋದೂ ನೆನಪಿರ್ಲಿ. ಸ್ಕಾಲರ್‌ಶಿಪ್ ಗ್ಯಾರಂಟಿ, ಪ್ರೋಸೆಸಿಂಗ್ ಫೀಸ್ ಕಟ್ಟಿ ಅಂದೋರ ಕಡೆ ತಲೆ ಹಾಕ್ಬೇಡಿ.

ನಮಗೆ ಜಾಸ್ತಿ ಟೈಮ್ ಹಿಡಿದಿದ್ದು ಎಸ್ಸೇ. ಅವಳ ಮೊದಲ ಡ್ರಾಫ್ಟಲ್ಲಿ ನ್ಯಾಯ, ಸಮಾನತೆ, ಸಮಾಜ ಸೇವೆ ಎಲ್ಲಾ ಇತ್ತು, ಅವಳೇ ಇರ್ಲಿಲ್ಲ. ಜುವೆನೈಲ್ ಕೋರ್ಟಲ್ಲಿ ವಾಲಂಟಿಯರ್ ಮಾಡಿದ್ಯಲ್ಲ, ಅಲ್ಲಿ ಏನು ನೋಡ್ದೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದು ಹೇಳಿದ್ಲು, ಕಾರಿಡಾರ್ ಬೆಂಚ್ ಮೇಲೆ ಒಬ್ಬ ಹುಡುಗ ಎರಡು ಗಂಟೆ ಕೂತಿದ್ನಂತೆ, ಅಪ್ಪಂದೇ ಇರ್ಬೇಕು ದೊಡ್ಡ ಟೈ ಹಾಕ್ಕೊಂಡು, ಅದರ ತುದಿಯ ದಾರ ಒಂದೊಂದೇ ಎಳೀತಾ, ಆಮೇಲೆ ಒಳಗೆ ಅವನ ವಿಚಾರಣೆ ನಾಲ್ಕೇ ನಿಮಿಷದಲ್ಲಿ ಮುಗೀತಂತೆ. ಅದನ್ನೇ ಬರಿ ಅಂದೆ. ಆ ರಾತ್ರಿನೇ ಕೂತು ಬರೆದ್ಲು, ಬೆಳಗ್ಗೆ ಓದಿದಾಗ ನಂಗೆ ಕಣ್ಣು ತುಂಬ್ತು.

ಆ ಎಸ್ಸೇ ಐದು ಕಡೆ ಹೋಗಿದೆ. ಆರನೇದು ತಪ್ಪೋಯ್ತು, ಪ್ರೊಫೆಸರ್ ಹತ್ರ ರೆಕಮೆಂಡೇಷನ್ ಲೆಟರ್ ಕೇಳಿದ್ದು ಡೆಡ್‌ಲೈನ್‌ಗೆ ನಾಲ್ಕೇ ದಿನ ಮುಂಚೆ, ಅವರು ಕಾನ್ಫರೆನ್ಸ್‌ಗೆ ಹೋಗಿದ್ರು. ಮುಂದಿನ ವರ್ಷದ ಲೆಟರ್‌ಗೆ ಈಗಲೇ ಅವರ ಹತ್ರ ಮಾತಾಡಿ ಬಂದಿದಾಳೆ, ಹೊಸ ಎಸ್ಸೇ ಕಾಪಿನೂ ಕೊಟ್ಟಿದಾಳೆ.