ಆರನೇ ಸುತ್ತು

2024 ಮೇ 22, ಬುಧವಾರ. ಅರಿಜೋನಾ.

ಇವತ್ತು ವಿಮಾನ ಮುರಿಯಲಿಲ್ಲ. ಅಷ್ಟರ ಮಟ್ಟಿಗೆ ಒಳ್ಳೆ ದಿನ.

ಬೆಳಗ್ಗೆ ಆರಕ್ಕೇ ಹೊರಟಿದ್ದೆವು, ಬಿಸಿಲೇರಿದ ಮೇಲೆ ಇಲ್ಲಿನ ರನ್‌ವೇ ಕಾದ ಕಾವಲಿ. ಸೆಸ್ನಾ 172, ಪಕ್ಕದಲ್ಲಿ ಇನ್‌ಸ್ಟ್ರಕ್ಟರ್, ಸುತ್ತು ಹಾಕಿ ಇಳಿಯೋದು, ಮತ್ತೆ ಏರೋದು, ಅದೇ ಕೆಲಸ. ಐದು ಸಲ ಚೆನ್ನಾಗಿಯೇ ಇಳಿದೆ. ಆರನೇ ಸಲ ಫೈನಲ್‌ಗೆ, ಅಂದರೆ ರನ್‌ವೇಗೆ ನೇರವಾದ ಕೊನೆಯ ಇಳಿದಾರಿಗೆ, ತಿರುಗಿದಾಗ ಎತ್ತರ ಜಾಸ್ತಿ ಇತ್ತು. ಮೂಗು ಬಗ್ಗಿಸಿದೆ, ವೇಗ ಏರಿತು. 65 ನಾಟ್ ಇರಬೇಕಾದಲ್ಲಿ 75. ನೋಡಿದೆ. ನೋಡಿಯೂ 'ಆಗ್ತದೆ ಬಿಡು' ಅಂದುಕೊಂಡೆ.

ಆಗಲಿಲ್ಲ. ಹತ್ತೇ ನಾಟ್ ಅಲ್ವಾ ಅನಿಸಬಹುದು, ಆದರೆ ಶಕ್ತಿಯ ಲೆಕ್ಕ ವೇಗದ ವರ್ಗದ್ದು, ಹಾಗಾಗಿ ಮೂರನೇ ಒಂದು ಪಾಲು ಹೆಚ್ಚು ಶಕ್ತಿ ಹೊತ್ತು ಬಂದಿದ್ದೆ. ಅದು ಕರಗುವ ತನಕ ವಿಮಾನ ಕೂರುವುದಿಲ್ಲ. ನೆಲಕ್ಕೆ ಹತ್ತಿರ ಬಂದಾಗ ಗಾಳಿಯ ಎಳೆತವೂ ಕಡಿಮೆಯಾಗುತ್ತದೆ ನೋಡಿ, ಸುಮ್ನೆ ತೇಲುತ್ತಾ ಹೋಗುತ್ತದೆ, ಕೆಳಗೆ ರನ್‌ವೇ ಖರ್ಚಾಗುತ್ತಾ ಇರುತ್ತದೆ. ತಾಳ್ಮೆ ಕೆಟ್ಟಿತು. ಒತ್ತಿ ಕೂರಿಸಲು ನೋಡಿದೆ. ಮುಂದಿನ ಚಕ್ರ ಮೊದಲು ಬಡಿಯಿತು, ವಿಮಾನ ನೆಗೆಯಿತು. ಗಾಬರಿಯಲ್ಲಿ ಮತ್ತೆ ಮೂಗು ಒತ್ತಿದೆ, ಇದೇ ಮಾಡಬಾರದ್ದು. ಕೈ ಯಾವಾಗಲೂ ವಿಮಾನಕ್ಕಿಂತ ಒಂದು ಹೆಜ್ಜೆ ಹಿಂದೆ ಇರುತ್ತದೆ, ಅದು ಇಳಿಯಲು ಶುರು ಮಾಡಿದಾಗ ನಾವು ಇನ್ನಷ್ಟು ಇಳಿಸುತ್ತೇವೆ, ಹಾಗಾಗಿ ಒಂದೊಂದು ನೆಗೆತವೂ ಹಿಂದಿನದಕ್ಕಿಂತ ಜೋರು. ಹೀಗೇ ಬಿಟ್ಟರೆ ಮುಂದಿನ ಚಕ್ರದ ಕಾಲು ಮುರಿದು ಪ್ರೊಪೆಲ್ಲರ್ ನೆಲಕ್ಕೆ ಬಡಿಯುತ್ತದೆ, ಆಮೇಲೆ ಎಂಜಿನ್ ಪೂರ್ತಿ ಬಿಚ್ಚಬೇಕು.

ಎರಡನೇ ನೆಗೆತಕ್ಕೆ ಇನ್‌ಸ್ಟ್ರಕ್ಟರ್ 'ಮೈ ಕಂಟ್ರೋಲ್ಸ್' ಅಂದು ಥ್ರಾಟಲ್ ಪೂರ್ತಿ ಒತ್ತಿದರು. ಮೇಲೆ ಹೋದೆವು. ಮುಂದಿನ ಸುತ್ತು ನನಗೇ ಕೊಟ್ಟರು, ಸರಿಯಾಗಿ 65ರಲ್ಲಿ ಬಂದು ಇಳಿದೆ.

ಆಮೇಲೆ ನೆಗೆತದ ಬಗ್ಗೆ ಅವರು ಜಾಸ್ತಿ ಮಾತಾಡಲೇ ಇಲ್ಲ. "75 ಕಂಡಿತ್ತಲ್ಲ, ಆಗಲೇ ಯಾಕೆ ಮೇಲೆ ಹೋಗಲಿಲ್ಲ?" ಅಂತ ಕೇಳಿದರು. ನಾನು ಗಾಳಿ ಗೀಳಿ ಅಂತ ಏನೋ ಹೇಳಿದೆ. ನಿಜ ಏನೆಂದರೆ ರನ್‌ವೇ ಬದಿಯಲ್ಲಿ ನನ್ನ ಬ್ಯಾಚಿನ ಹುಡುಗ ಟೇಕಾಫ್‌ಗೆ ಕಾಯುತ್ತಿದ್ದ, ಅವನ ಕಣ್ಣೆದುರು ಇಳಿಯದೆ ವಾಪಸ್ ಹೋಗಲು ನಾಚಿಕೆ.

ಇವತ್ತಿಗೆ ಮಂಗಳೂರಿನ ಬಜ್ಪೆಯ ವಿಮಾನ ದುರಂತಕ್ಕೆ 14 ವರ್ಷ. ಸತ್ತವರು 158 ಜನ. ನನಗಾಗ ಬೇಸಿಗೆ ರಜೆ, ಊರಲ್ಲೆಲ್ಲ ಟೇಬಲ್‌ಟಾಪ್ ರನ್‌ವೇಯದ್ದೇ ಮಾತು, ಅಂದರೆ ಗುಡ್ಡದ ತಲೆಯ ಮೇಲಿನ, ತುದಿ ದಾಟಿದರೆ ಕಣಿವೆಯಿರುವ ರನ್‌ವೇ. ತನಿಖೆಯ ವರದಿ ಓದಿದ್ದು ಇಲ್ಲಿಗೆ ಬಂದ ಮೇಲೆ. ವಿಮಾನ ತುಂಬಾ ಎತ್ತರದಲ್ಲಿ ಬಂದಿತ್ತು, ಸಹ ಪೈಲಟ್ ಮೂರು ಸಲ 'ಗೋ ಅರೌಂಡ್', ಅಂದರೆ ಇಳಿಯದೆ ಮತ್ತೆ ಮೇಲೆ ಹೋಗೋಣ, ಅಂದಿದ್ದರು, ಕ್ಯಾಪ್ಟನ್ ಇಳಿಸಿಯೇ ಬಿಟ್ಟರು. ಸುಮಾರು 8,000 ಅಡಿಯ ರನ್‌ವೇಯಲ್ಲಿ ಚಕ್ರ ತಾಗಿದ್ದು 5,200 ಅಡಿ ದಾಟಿದ ಮೇಲೆ. ಆ ಬೋಯಿಂಗ್ ಎಲ್ಲಿ, ನನ್ನ ಪುಟಾಣಿ ಸೆಸ್ನಾ ಎಲ್ಲಿ. ಆದರೂ ಇವತ್ತು ಮಧ್ಯಾಹ್ನ ಆ ಭಾಗವನ್ನು ಇನ್ನೊಮ್ಮೆ ಓದಿದೆ.

ರಾತ್ರಿ ಅಮ್ಮನ ಫೋನು. "ಇವತ್ತು ಹಾರ್ಲಿಕ್ಕೆ ಹೋಗ್ಲಿಲ್ಲ ಅಲ್ವಾ ಮಗಾ?"

"ಹೋಗಿದ್ದೆ ಅಮ್ಮ. ಎಂತ ಇಲ್ಲ, ಯಾವತ್ತಿನ ಹಾಗೆ."

ಲಾಗ್‌ಬುಕ್ಕಿನಲ್ಲಿ ಲ್ಯಾಂಡಿಂಗ್ 6 ಅಂತ ಬರೆದೆ. ನಡುವಿನದ್ದನ್ನು ಸೇರಿಸಲಿಲ್ಲ. ಸೇರಿಸೋದಾದರೂ ಒಂದು ಅನ್ನೋದಾ, ಎರಡು ಅನ್ನೋದಾ?