ಅಮ್ಮನ ಓಲೆ, ನನ್ನ ಇಕ್ಕಳ

ಇವತ್ತು ಅಮ್ಮನ ಹಳೇ ಮುತ್ತಿನ ಓಲೆ ರಿಪೇರಿಗೆ ಕೂತೆ. ಸಾಮಾನು ಮೂರೇ: ಚಪ್ಪಟೆ ಮೂತಿಯ ಇಕ್ಕಳ ಎರಡು, ತಂತಿ ಕತ್ತರಿಸೋ ಕಟರ್ ಒಂದು. ಚಿಕ್ಕಪೇಟೆಯಲ್ಲಿ ತಗೊಂಡಿದ್ದು.

ಮೊದಲೆಲ್ಲ ಜಂಪ್ ರಿಂಗ್, ಅಂದರೆ ಓಲೆಯ ಭಾಗಗಳನ್ನು ಜೋಡಿಸೋ, ಒಂದು ಕಡೆ ಸೀಳಿರೋ ಪುಟ್ಟ ತಂತಿ ಉಂಗುರ, ತೆಗೆಯುವಾಗ ಎರಡೂ ತುದಿ ಹಿಡಿದು ಸುಮ್ನೆ ಅಗಲಕ್ಕೆ ಎಳೆಯುತ್ತಿದ್ದೆ. ಹಾಗೆ ಮಾಡಿದರೆ ಅದರ ದುಂಡು ಕೆಡುತ್ತದೆ, ಆಮೇಲೆ ಎಷ್ಟು ಒತ್ತಿದರೂ ಸಂದು ಉಳಿದೇ ಉಳಿಯುತ್ತದೆ, ಆ ಸಂದಿನಿಂದಲೇ ಮುತ್ತು ಜಾರಿ ಎಲ್ಲೋ ಬಿದ್ದುಹೋಗುತ್ತದೆ. ಒಂದು ತುದಿ ನಮ್ಮ ಕಡೆಗೆ, ಇನ್ನೊಂದು ಆಚೆಗೆ ತಿರುಗಬೇಕು, ಬಾಗಿಲು ತೆಗೆದ ಹಾಗೆ. ವಾಪಸ್ ತಿರುಗಿಸುವಾಗ ತುದಿಗಳು ಒಂದಕ್ಕೊಂದು ಉಜ್ಜಿ 'ಟಿಕ್' ಅಂತ ಕೂರುತ್ತವೆ. ಬೆರಳಿಗೇ ಗೊತ್ತಾಗುತ್ತದೆ.

ಕಟರ್ ಬಗ್ಗೆ ಮಾತ್ರ ಜಾಸ್ತಿ ಹುಷಾರು. ಹೋದ ವಾರ 20 ಗೇಜ್ ತಂತಿ, ಅಂದರೆ ಸುಮಾರು 0.8 ಮಿಲಿಮೀಟರ್ ದಪ್ಪದ್ದು, ಕತ್ತರಿಸುವಾಗ ತುಣುಕು ಚಿಮ್ಮಿ ಹುಬ್ಬಿಗೆ ಬಡಿಯಿತು. ಮಗಳು ಪಕ್ಕದಲ್ಲೇ ಕೂತಿದ್ದಳು. ಎದೆ ಝಲ್ ಅಂದಿತು. ಈಗ ಇಬ್ಬರಿಗೂ ಕನ್ನಡಕ ಕಡ್ಡಾಯ, ತಂತಿಯಲ್ಲಿ ತುಂಡಾಗಿ ಬೀಳುವ ತುದಿಯನ್ನು ಬೆರಳಲ್ಲಿ ಹಿಡಿದು ಕೆಳಮುಖ ಮಾಡಿಯೇ ಒತ್ತುವುದು. ಎಳೆದರೂ ಮತ್ತೆ ಸುರುಳಿಯಾಗೋ ಗಟ್ಟಿ ಸ್ಟೀಲಿನ ಮೆಮೊರಿ ವೈರ್‌ಗೆ ಈ ಕಟರ್ ಮುಟ್ಟಿಸಲ್ಲ, ಅಲಗು ಮುಕ್ಕಾಗುತ್ತದೆ.

ನಮ್ಮೂರ ಅಕ್ಕಸಾಲಿಗರು ಕೆಲಸ ಮುಗಿದ ಮೇಲೆ ಒಂದೊಂದೇ ಇಕ್ಕಳ ಒರೆಸಿ ಇಡುತ್ತಿದ್ದರು. ಚಿಕ್ಕವಳಿದ್ದಾಗ ಅದೇಕೆ ಅಷ್ಟು ಹೊತ್ತು ಅನ್ನಿಸುತ್ತಿತ್ತು. ಇವತ್ತು ನಾನೂ ಹಾಗೇ ಒರೆಸುತ್ತಾ ಕೂತಿದ್ದೆ, ಅಮ್ಮ ಕನ್ನಡಿ ಮುಂದೆ ಓಲೆ ಹಾಕಿಕೊಳ್ಳುತ್ತಿದ್ದರು.